ಪಲ್ಲಣವೂ ಚಲ್ಲಣವೂ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಚಲ್ಲಣದ ವಿಷಯವನ್ನು ಪ್ರಸ್ತಾಪಿಸುವುದು ಉಚಿತವೇ ಎಂದು ಕೆಲವರು ವಾಚಕ ಮಹಾಶಯರು ಶಂಕಿಸಬಹುದು. ಊಟ, ನಿದ್ರೆ, ಔಷಧ, ಮಕ್ಕಳ ಪಾಲನೆ ಇವುಗಳನ್ನು ಕುರಿತು ಸಂಕೋಚವಿಲ್ಲದೆ ವಿಚಾರಮಾಡುವ ಗೃಹಸ್ಥರು, ಕುಳಿತುಕೊಳ್ಳುವ ಸ್ಥಳದಲ್ಲಿ ನೋವುಂಟಾದಾಗ ಮಾತ್ರ ಮೌನವನ್ನು ವಹಿಸುತ್ತಾರೆ. ಬೈಸಿಕಲ್ಲನ್ನು ನಿತ್ಯವೂ ತುಳಿಯುವವರ ಕಷ್ಟಗಳಲ್ಲಿ ಮುಖ್ಯವಾದುದೊಂದು ಈ ಮೌನದ ಮರೆಯಲ್ಲಿಯೇ ಬೆಳೆಯುತ್ತದೆ. ನೆಗಡಿಯನ್ನು ಹೇಳಿಕೊಳ್ಳುವಷ್ಟೇ ಸಹಜವಾಗಿ ಇದನ್ನೂ ಹೇಳಿಕೊಳ್ಳುವ ರೂಢಿ ಮನೆಗಳಲ್ಲಿ ಬರಲೆಂಬುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ನಿಶ್ಚಯಮಾಡಿಕೊಳ್ಳೋಣ. ಕುದುರೆಯ ಬೆನ್ನಿಗೆ ಬಿಗಿಯುವ ಜೀನನ್ನು ನಮ್ಮ ಹಿರಿಯರು ‘ಪಲ್ಲಣ’ವೆಂದು ಕರೆಯುತ್ತಿದ್ದರು. ಸಂಸ್ಕೃತದ ‘ಪರ್ಯಾಣ’ ಶಬ್ದದ ತದ್ಭವವಿದು. ತೊಡೆಯವರೆಗೆ ಮಾತ್ರ ಬರುವ ಉಡುಪಿಗೆ ‘ಚಲ್ಲಣ’ವೆಂಬ ಹೆಸರು ಕನ್ನಡದಲ್ಲಿ ಹಿಂದಿನಿಂದಲೂ ಉಂಟು. ಬೈಸಿಕಲ್ಲಿನ ಸೀಟೇ ನಮ್ಮ ಪಲ್ಲಣ. ಅಂಗಡಿಯವರು ‘ಸೈಕ್ಲಿಂಗ್ ಶಾರ್ಟ್ಸ್’ ಎಂದು ಮಾರುವ, ಒಳಗಡೆ ಮೆತ್ತೆಯನ್ನು ಹೊಲಿದಿರುವ ಉಡುಪೇ ನಮ್ಮ ಚಲ್ಲಣ. ಇವೆರಡೂ ಒಂದಕ್ಕೊಂದು ಹೊಂದಿಕೊಂಡರೆ ಸವಾರನಿಗೆ ಸುಖ; ಹೊಂದದಿದ್ದರೆ ದಾರಿ ಎಷ್ಟು ಚೆನ್ನಾಗಿದ್ದರೂ ನಿಷ್ಪ್ರಯೋಜನ.

ನಾವು ಅರಸೀಕೆರೆಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದವರು. ಶಾಲೆಗೆ ಹೋಗಿಬರುತ್ತಿದ್ದುದು ಬೈಸಿಕಲ್ಲಿನಲ್ಲಿಯೇ. ಅರವತ್ತು ತುಂಬಿದಮೇಲೂ ಆ ಅಭ್ಯಾಸವನ್ನು ಬಿಟ್ಟಿಲ್ಲ. ವರ್ಷದಲ್ಲಿ ಎರಡು ಮೂರು ಬಾರಿ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ ಮುಂದೆ ಬೇಲೂರಿಗೂ ಹೋಗಿ, ಅಲ್ಲಿ ರಾತ್ರಿ ತಂಗಿದ್ದು ಮರುದಿನ ಹಿಂದಿರುಗುವುದುಂಟು. ಆದುದರಿಂದ ಇಲ್ಲಿ ಬರೆಯುವುದು ಕೇವಲ ಕೇಳಿದ ಮಾತಲ್ಲ.

ಆದರೆ ಈ ಲೇಖನಕ್ಕೆ ಪ್ರೇರಣೆಯಾದುದು ನಮ್ಮ ದೂರಪ್ರಯಾಣವಲ್ಲ, ನಮ್ಮ ತಂಗಿಯ ಮಗಳ ನಿತ್ಯಪ್ರಯಾಣ. ಕರ್ನಾಟಕ ಸರ್ಕಾರವು ೨೦೦೬ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿತಷ್ಟೆ. ಆ ಯೋಜನೆಯಲ್ಲಿ ದೊರೆತ ಬೈಸಿಕಲ್ಲಿನ ಮೇಲೆಯೇ ಸವಾರಿಯನ್ನು ಕಲಿತ ಹುಡುಗಿಯರಲ್ಲಿ ಅವಳೂ ಒಬ್ಬಳು. ಈಗ ನಮ್ಮ ಮನೆಯಲ್ಲಿದ್ದುಕೊಂಡು ಒಂಬತ್ತು ಕಿಲೋಮೀಟರು ದೂರದ ಹಳ್ಳಿಯಲ್ಲಿ ಉಪಾಧ್ಯಾಯಿನಿಯಾಗಿದ್ದಾಳೆ. ಆ ಹಳ್ಳಿಗೆ ಬಸ್ಸು ಇಲ್ಲವೆಂದಲ್ಲ; ಬೆಳಗಿನದು ಶಾಲೆಗೆ ಬಹಳ ಮುಂಚೆ ಹೋಗುತ್ತದೆ, ಸಂಜೆಯದು ಬಹಳ ತಡವಾಗಿ ಬರುತ್ತದೆ. ಬೈಸಿಕಲ್ಲಿನಿಂದ ಅವಳಿಗೆ ದಿನಕ್ಕೆ ಎರಡು ಮೂರು ಗಂಟೆಗಳು ಉಳಿಯುತ್ತಿದ್ದುವು. ಆ ಗಂಟೆಗಳಲ್ಲಿ ಅವಳು ಎಂ.ಎ. ಪರೀಕ್ಷೆಗೆ ಓದುತ್ತಿದ್ದಳು.

ಹೀಗಿರಲು ಕಳೆದ ವರ್ಷದ ಮಳೆಗಾಲದಲ್ಲಿ ಒಂದು ದಿನ ಅವಳು, “ಮಾವ, ನಾಳೆಯಿಂದ ಬಸ್ಸಿನಲ್ಲೇ ಹೋಗುತ್ತೇನೆ,” ಎಂದಳು. ಕಾರಣವನ್ನು ಹೇಳಲಿಲ್ಲ. ಅವಳು ಕಾಫಿಯನ್ನು ನಿಂತುಕೊಂಡೇ ಕುಡಿಯುತ್ತಿದ್ದುದನ್ನು ನಮ್ಮ ಗೃಹಿಣಿ ಗಮನಿಸಿದಳು. ಒಳಗೆ ಕರೆದುಕೊಂಡು ಹೋಗಿ ವಿಚಾರಿಸಲು, “ಏನೂ ಇಲ್ಲ ಅತ್ತೆ,” ಎಂಬ ಮಾತು ಮೂರು ಸಾರಿ ಬಂದು, ನಾಲ್ಕನೆಯ ಸಾರಿ ಅಳು ಬಂದಿತು. ಸೀಟಿಗೆ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಅದರ ಮೇಲೆಯೇ ದಿನಕ್ಕೆ ಹದಿನೆಂಟು ಕಿಲೋಮೀಟರು ಒದ್ದೆ ಬಟ್ಟೆಯಲ್ಲಿ ತುಳಿದಿದ್ದಳು. ಸುಲಿದ ಸ್ಥಳ ಕುರುವಾಗಿ ಬಲಿತಿತ್ತು. ನೋವಿನ ಪರಿಹಾರಕ್ಕೆಂದು ಅವಳೇ ಸೀಟಿನ ಮೇಲೆ ದಪ್ಪನೆಯ ಮೆತ್ತೆಗವಸೊಂದನ್ನು ಹಾಕಿಸಿದ್ದಳಂತೆ. ಅದು ಅತ್ತಿತ್ತ ಜರುಗುತ್ತ ಉಜ್ಜುವಿಕೆಯನ್ನು ಮತ್ತಷ್ಟು ಹೆಚ್ಚಿಸಿತ್ತು. ವೈದ್ಯೆಯು ಔಷಧವನ್ನು ಕೊಟ್ಟು, ಮಾಯುವವರೆಗೆ ಸವಾರಿ ಕೂಡದೆಂದು ವಿಧಿಸಿದಳು. ಅವಳು ಬಿಡಹೊರಟಿದ್ದುದು ಬೈಸಿಕಲ್ಲೊಂದನ್ನೇ ಅಲ್ಲ. ಓದಿನ ಗಂಟೆಗಳನ್ನೂ ಅದರೊಡನೆಯೇ ಬಿಡಬೇಕಾಗಿತ್ತು. ಇಷ್ಟಕ್ಕೂ ಕಾರಣವಾದುದು ಒಂದು ಅಂಗೈಯಗಲದ ಉಜ್ಜುಗಾಯ.

ನೋವು ಏಕೆ ಬರುವುದೆಂಬುದನ್ನು ತಿಳಿಯದೆ ಪರಿಹಾರವನ್ನು ಹುಡುಕಲಾಗದು. ನೆಟ್ಟಗೆ ಕುಳಿತಾಗ ಮೈಭಾರದ ಬಹುಭಾಗವನ್ನು ಹೊರುವುವು ಪೃಷ್ಠದ ಕೆಳಗಿನ ಎರಡು ಅಸ್ಥಿಗಳು. ಗಟ್ಟಿಯಾದ ಮಣೆಯ ಮೇಲೆ ಕುಳಿತು ಸ್ವಲ್ಪ ಓಲಾಡಿದರೆ ಅವು ಒತ್ತುವುದು ಯಾರಿಗಾದರೂ ಗೊತ್ತಾಗುತ್ತದೆ. ಭಾರವನ್ನು ಹೊರುವುದಕ್ಕೆ ಸೃಷ್ಟಿಯಲ್ಲಿಯೇ ಏರ್ಪಟ್ಟ ಸ್ಥಾನಗಳು ಇವೇ. ಇವೆರಡರ ನಡುವಣ ಮೃದುವಾದ ಭಾಗದಲ್ಲಿ ನರಗಳೂ ರಕ್ತನಾಳಗಳೂ ಹರಿಯುತ್ತವೆ. ಅದು ಭಾರವನ್ನು ಸಹಿಸತಕ್ಕದ್ದಲ್ಲ. ಅಲ್ಲಿ ಬಹಳ ಹೊತ್ತು ಒತ್ತಡ ಬಿದ್ದರೆ ಜೋಮು ಹಿಡಿಯುತ್ತದೆ. ಒತ್ತಡದಿಂದ ಜೋಮು, ಉಜ್ಜುವಿಕೆಯಿಂದ ಗಾಯ, ಬೆವರಿನಿಂದ ಕುರು. ಸವಾರನ ಪೀಡೆಗಳು ಈ ಮೂರೇ. ಒಳ್ಳೆಯ ಚಲ್ಲಣವು ಈ ಮೂರನ್ನೂ ತಡೆಯಬೇಕು.

ಹಳೇಬೀಡಿನಲ್ಲಿ ೧೧೨೧ರ ಸುಮಾರಿಗೆ ಪ್ರಾರಂಭವಾದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೋಡಿದವರಿಗೆ, ಬುಡದ ಆನೆಗಳ ಸಾಲು, ಅದರ ಮೇಲಿನ ಸಿಂಹಗಳ ಸಾಲು, ಬಳ್ಳಿಗಳ ಸಾಲು, ಅದಕ್ಕೂ ಮೇಲೆ ಕುದುರೆಸವಾರರ ಸಾಲು ಜ್ಞಾಪಕದಲ್ಲಿರಬಹುದು. ನಾವು ಅಲ್ಲಿಗೆ ಹೋದಾಗಲೆಲ್ಲ ಆ ಸವಾರರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಕುದುರೆಸವಾರನು ರಿಕಾಪಿನಲ್ಲಿ ಕಾಲೂರಿ ಆಗಾಗ ಮೇಲೇಳುತ್ತಾನೆ. ಕುದುರೆಯ ನಡಿಗೆಯೊಡನೆ ಅವನ ಮೈಯೂ ಏರಿ ಇಳಿಯುತ್ತದೆ. ಬೈಸಿಕಲ್ಲಿನವನಾದರೋ ಒಂದೇ ಸ್ಥಾನದಲ್ಲಿ ಅಂಟಿಕೊಂಡು ಕುಳಿತು ತೊಡೆಗಳನ್ನು ಮಾತ್ರ ಆಡಿಸುತ್ತಿರುತ್ತಾನೆ. ಅರಸೀಕೆರೆಯಿಂದ ಹಳೇಬೀಡಿಗೆ ಸುಮಾರು ೪೦ ಕಿಲೋಮೀಟರು. ಅಲ್ಲಿಂದ ಬೇಲೂರಿಗೆ ಸುಮಾರು ೧೬. ನಮ್ಮಂತಹವರ ನಡೆಯಲ್ಲಿ ಇದು ನಾಲ್ಕು ಗಂಟೆಗಳ ಸವಾರಿ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಒಟ್ಟು ೧೪,೪೦೦ ಸುತ್ತುಗಳಾಗುತ್ತವೆ. ಪ್ರತಿಯೊಂದು ತೊಡೆಯೂ ಸೀಟಿನ ಅಂಚಿಗೆ ಅಷ್ಟು ಸಾರಿ ಸವರಿಹೋಗುತ್ತದೆ. ಬಟ್ಟೆಯಲ್ಲಿ ನೂಲಿನಷ್ಟು ದಪ್ಪದ ಹೊಲಿಗೆ ಎದ್ದಿದ್ದರೂ ಅಷ್ಟು ಆವೃತ್ತಿಗಳಲ್ಲಿ ಅದು ಅರವಾಗಿ ಪರಿಣಮಿಸದೆ ಇರದು.

ಈ ಉಡುಪು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಎರಡು ಚಕ್ರಗಳೂ ಸಮನಾಗಿರುವ ಈಗಿನ ಮಾದರಿಯ ಬೈಸಿಕಲ್ಲು ೧೮೮೫ರಲ್ಲಿ ಇಂಗ್ಲೆಂಡಿನಲ್ಲಿ ಸ್ಟಾರ್ಲಿಯವರಿಂದ ರೂಪುಗೊಂಡಿತು. ೧೮೯೧ರಲ್ಲಿಯೇ ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗುವ ಮಹಾಪ್ರಯಾಣದ ಪಂದ್ಯ ನಡೆಯಿತು. ಹಿಂದಿನ ದೂರಸವಾರರು ಉಣ್ಣೆಯ ಚಲ್ಲಣವನ್ನು ತೊಟ್ಟು, ಅದರ ಒಳಗಡೆ ‘ಶಾಮ್ವಾ’ ಎಂಬ, ಯೂರೋಪಿನ ಪರ್ವತಗಳಲ್ಲಿ ವಾಸಿಸುವ ಮೇಕೆಯಂತಹ ಮೃಗದ ಮೃದುವಾದ ಚರ್ಮವನ್ನು ಹೊಲಿಸುತ್ತಿದ್ದರು. ಒಗೆದರೆ ಆ ಚರ್ಮ ಒಣಗಿ ಬಿರುಸಾಗುತ್ತಿದ್ದುದರಿಂದ ಲೇಪವನ್ನು ತಿಕ್ಕಿ ಮೆದುಮಾಡಬೇಕಾಗಿತ್ತು. ೧೯೫೮ರಲ್ಲಿ ಅಮೆರಿಕದ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞರು ಎಳೆದಷ್ಟೂ ಹಿಗ್ಗಿ ಮತ್ತೆ ಮೊದಲಿನಂತಾಗುವ ನೂಲನ್ನು ಕಂಡುಹಿಡಿದರು, ಅದೇ ಲೈಕ್ರಾ. ಉಣ್ಣೆಯ ಸ್ಥಾನಕ್ಕೆ ಅದು ಬಂದಿತು. ಚರ್ಮದ ಸ್ಥಾನಕ್ಕೆ ಕೃತಕವಾದ ಫೋಮಿನ ಮೆತ್ತೆ ಬಂದಿತು. ಆದರೂ ಆ ಮೆತ್ತೆಗೆ ಇಂದಿಗೂ ಮೃಗದ ಹೆಸರೇ ನಿಂತಿದೆ. ದರ್ಭೆಯನ್ನು ತರುವವನಿಗೆ ಸಲ್ಲುತ್ತಿದ್ದ ‘ಕುಶಲ’ ಶಬ್ದವು ನಿಪುಣರಿಗೆಲ್ಲ ರೂಢಿಯಾದಂತೆಯೇ ಇದೂ.

ಇನ್ನು ಆರಿಸುವ ಕ್ರಮ. ಅಂಗಡಿಯಲ್ಲಿ ಮೊದಲು ಎಲ್ಲರೂ ಮಾಡುವುದೆಂದರೆ ಮೆತ್ತೆಯನ್ನು ಬೆರಳಿನಿಂದ ಒತ್ತಿ, ದಪ್ಪವಾಗಿಯೂ ಮೃದುವಾಗಿಯೂ ಇರುವುದನ್ನೇ ಉತ್ತಮವೆಂದು ಭಾವಿಸುವುದು. ಹತ್ತಿಯ ಹಾಸಿಗೆಯ ನ್ಯಾಯ ಇಲ್ಲಿ ಸಲ್ಲದು. ಮೆತ್ತೆ ಅತಿ ಮೃದುವಾದರೆ ಎರಡು ಅಸ್ಥಿಗಳೂ ಅದರೊಳಗೆ ಹೂತುಹೋಗುತ್ತವೆ. ಆಗ ನಡುವಣ ಮೆತ್ತೆ ಮೇಲೆದ್ದು, ಯಾವ ಸ್ಥಳಕ್ಕೆ ಒತ್ತಡ ಕೂಡದೋ ಅದನ್ನೇ ಒತ್ತುತ್ತದೆ. ಹತ್ತು ನಿಮಿಷಕ್ಕೆ ಹಿತವಾಗಿ ತೋರಿದುದು ಎರಡು ಗಂಟೆಗೆ ಜೋಮನ್ನು ತರುವುದು ಹೀಗೆಯೇ. ದೂರಸವಾರಿಗೆ ಬೇಕಾದುದು ಒತ್ತಿದರೆ ಸ್ವಲ್ಪವೇ ತಗ್ಗುವ, ಬಿಟ್ಟೊಡನೆ ಮೇಲೇಳುವ ಸಾಂದ್ರವಾದ ಮೆತ್ತೆ. ಅದು ಅಸ್ಥಿಗಳ ಕೆಳಗೆ ದಪ್ಪವಾಗಿಯೂ ಅಂಚಿನಲ್ಲಿ ಕ್ರಮೇಣ ತೆಳುವಾಗಿಯೂ ಇರಬೇಕು.

ಎರಡನೆಯದು ಹೊಲಿಗೆ. ಚಲ್ಲಣವನ್ನು ಒಳಹೊರಗು ಮಾಡಿ, ಕಣ್ಣು ಮುಚ್ಚಿ ಬೆರಳಾಡಿಸಬೇಕು. ಮೆತ್ತೆಯ ಮಧ್ಯದಲ್ಲಿ ಹೊಲಿಗೆಯ ಗೆರೆ ಇರಕೂಡದು. ತೊಡೆಯ ಒಳಮಗ್ಗುಲಿನಲ್ಲಿ ಯಾವ ಗಂಟೂ ಸಿಕ್ಕಕೂಡದು. ಹೊಲಿಗೆಗಳು ಚಪ್ಪಟೆಯಾಗಿ ಮಲಗಿರಬೇಕು. ಬಟ್ಟೆಯ ತುಂಡುಗಳನ್ನು ಹೆಚ್ಚಾಗಿ ಕೂಡಿಸಿ ಹೊಲಿದುದು ದೇಹದ ಆಕಾರಕ್ಕೆ ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತದೆ. ಆದರೆ ಹೊಲಿಗೆ ಒರಟಾದರೆ ತುಂಡುಗಳ ಸಂಖ್ಯೆಯಿಂದ ಪ್ರಯೋಜನವಿಲ್ಲ.

ಮೂರನೆಯದು ಅಳತೆ. ಮೆತ್ತೆಯು ಚರ್ಮಕ್ಕೆ ಅಂಟಿಕೊಂಡು, ಕಾಲು ಆಡಿದಾಗಲೂ ಜರುಗದೆ ಇರಬೇಕು. ಸಡಿಲವಾದ ಚಲ್ಲಣದಲ್ಲಿ ಮೆತ್ತೆ ಮಡಿಸಿಕೊಂಡು ತಾನೇ ಉಜ್ಜುತ್ತದೆ. ಆದರೆ ತೊಡೆಯ ಪಟ್ಟಿಯು ಮಾಂಸವನ್ನು ಕೊರೆಯುವಷ್ಟು ಬಿಗಿಯಾಗಿಯೂ ಇರಕೂಡದು. ತೊಟ್ಟುಕೊಂಡು ಕನ್ನಡಿಯ ಮುಂದೆ ನೆಟ್ಟಗೆ ನಿಂತು ಪರೀಕ್ಷಿಸುವುದು ವ್ಯರ್ಥ. ಈ ಉಡುಪು ಹೊಲಿದಿರುವುದು ಬಾಗಿ ಕುಳಿತ ದೇಹಕ್ಕೆ. ಹಿಡಿಯನ್ನು ಹಿಡಿಯುವಂತೆ ಮುಂದಕ್ಕೆ ಬಾಗಿ, ಮೊಣಕಾಲನ್ನು ಮೇಲೆತ್ತಿ ನೋಡಬೇಕು. ಅಂಗಡಿಯವನು ಒಪ್ಪಿದರೆ ಸೀಟಿನ ಮೇಲೆಯೇ ಕುಳಿತು ನೋಡಬೇಕು. ನಡೆಯುವಾಗ ಕೂಸಿಗೆ ಬಟ್ಟೆ ಕಟ್ಟಿದಂತೆ ಅನ್ನಿಸಿದರೆ ಚಿಂತಿಸಬೇಕಾಗಿಲ್ಲ. ಅದು ನಡೆಯುವುದಕ್ಕಾಗಿ ಮಾಡಿದ ಉಡುಪಲ್ಲ.

ಸೊಂಟದ ಪಟ್ಟಿಗೆ ಬದಲಾಗಿ ಹೆಗಲಿಗೆ ತೂಗುವ ಪಟ್ಟಿಗಳುಳ್ಳ ಚಲ್ಲಣವೂ ದೊರೆಯುತ್ತದೆ. ನಮ್ಮಂತೆ ಹೊಟ್ಟೆ ಸ್ವಲ್ಪ ಮುಂದೆ ಬಂದ ವಯಸ್ಸಿನವರಿಗೆ ಇದು ಬಹಳ ಅನುಕೂಲ. ಬಾಗಿದಾಗ ಹೊಟ್ಟೆಯನ್ನು ಒತ್ತುವುದಿಲ್ಲ, ಮೆತ್ತೆಯೂ ಜಾರುವುದಿಲ್ಲ. ಆದರೆ ದಾರಿಯಲ್ಲಿ ಮೂತ್ರವಿಸರ್ಜನೆಗೆ ಮೇಲಂಗಿಯನ್ನೂ ಕಳಚಬೇಕಾಗಿ ಬರುವುದರಿಂದ ಸ್ತ್ರೀಯರಿಗೆ ಸೊಂಟದ ಪಟ್ಟಿಯದೇ ಲೇಸು. ಸ್ತ್ರೀಯರ ಅಸ್ಥಿಗಳ ಅಂತರ ಸಾಮಾನ್ಯವಾಗಿ ಹೆಚ್ಚು. ಅದಕ್ಕೆ ತಕ್ಕಂತೆ ಅವರ ಮೆತ್ತೆಯು ಹಿಂದೆ ಅಗಲವಾಗಿಯೂ ಮುಂದೆ ಮೊಟಕಾಗಿಯೂ ಇರುತ್ತದೆ. ಅಣ್ಣನ ಚಲ್ಲಣವನ್ನು ತಂಗಿಗೆ ಕೊಟ್ಟು ಉಳಿತಾಯಮಾಡುವುದು ಉಳಿತಾಯವಲ್ಲ.

ಬೆಲೆಯ ವಿಷಯದಲ್ಲಿ ಒಂದು ಮಾತು. ಐದುನೂರು ರೂಪಾಯಿಗೆ ಸಿಕ್ಕುವುದೂ ಉಂಟು, ಐದುಸಾವಿರವನ್ನು ಮೀರುವುದೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಹೊಂದುತ್ತದೆ. ಊರೊಳಗೆ ಎರಡು ಮೂರು ಕಿಲೋಮೀಟರು ಹೋಗುವವನಿಗೆ ಈ ಉಡುಪೇ ಬೇಕಾಗಿಲ್ಲ. ಸೀಟಿನ ಎತ್ತರವನ್ನು ಸರಿಮಾಡಿಕೊಂಡರೆ ಸಾಕು. ನಮ್ಮ ಹುಡುಗಿಯಂತೆ ನಿತ್ಯವೂ ಹದಿನೈದು ಇಪ್ಪತ್ತು ಕಿಲೋಮೀಟರು ತುಳಿಯುವವರಿಗೆ ತೆಳುವಾದ ಮೆತ್ತೆಯ ಒಳಚಲ್ಲಣ ಸಾಕು. ಅದನ್ನು ಪ್ಯಾಂಟು, ಚೂಡಿದಾರುಗಳ ಒಳಗೆ ತೊಡಬಹುದು. ಹಳೇಬೀಡು ಬೇಲೂರುಗಳಂತಹ ದೂರಕ್ಕೆ ಸಾಂದ್ರವಾದ ಮೆತ್ತೆಯುಳ್ಳ ಚಲ್ಲಣ ಬೇಕು. ‘ಬ್ರೆವೆ’ ಎಂಬ ಫ್ರಾನ್ಸ್ ದೇಶದ ದೂರಸವಾರಿಯ ಪದ್ಧತಿ ಈಗ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ. ಅದರಲ್ಲಿ ೨೦೦ ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕು. ಅಂತಹವರು ತಮಗೆ ಒಗ್ಗಿದ ಚಲ್ಲಣಕ್ಕೆ ಹಣವನ್ನು ವೆಚ್ಚಮಾಡುವುದು ನ್ಯಾಯವೇ. ಏನೇ ಆಗಲಿ, ಬೆಲೆಯುಳ್ಳ ಒಂದಕ್ಕಿಂತ ಸಾಧಾರಣವಾದ ಎರಡು ಮೇಲು. ಕಾರಣವನ್ನು ಮುಂದೆ ಹೇಳುತ್ತೇವೆ.

ತೊಡುವ ಕ್ರಮದಲ್ಲಿ ಬಹುಜನರಿಗೆ ತಿಳಿಯದ ವಿಷಯ ಒಂದುಂಟು: ಮೆತ್ತೆಯ ಚಲ್ಲಣದ ಒಳಗೆ ಬೇರೆ ಒಳ‌ಉಡುಪನ್ನು ತೊಡಕೂಡದು. ಮೆತ್ತೆಯನ್ನು ನೇರವಾಗಿ ಚರ್ಮಕ್ಕೆ ತಾಗುವಂತೆಯೇ ರಚಿಸಿರುತ್ತಾರೆ. ನಡುವೆ ಹತ್ತಿಯ ಬಟ್ಟೆ ಬಂದರೆ ಅದರ ಹೊಲಿಗೆ ಉಜ್ಜುತ್ತದೆ, ಅದು ಹೀರಿದ ಬೆವರು ಅಲ್ಲಿಯೇ ನಿಲ್ಲುತ್ತದೆ. ಇದನ್ನು ಕೇಳಿ ನಮ್ಮ ಹುಡುಗಿ ಬಹಳ ಸಂಕೋಚಪಟ್ಟಳು. “ಮಾವ, ಇದನ್ನು ತೊಟ್ಟು ಬೀದಿಯಲ್ಲಿ ಹೋಗುವುದು ಹೇಗೆ?” ಎಂದಳು. “ಬೀದಿಗೆ ಕಾಣುವುದು ನಿನ್ನ ಚೂಡಿದಾರು ಮಾತ್ರ ಕಣಮ್ಮ, ಒಳಗಿನದು ನಿನಗೂ ಸೀಟಿಗೂ ಸೇರಿದ ವಿಷಯ,” ಎಂದೆವು. ನಮ್ಮ ಗೃಹಿಣಿ ನಕ್ಕಳು, ಹುಡುಗಿಯೂ ನಕ್ಕಳು. ಆ ನಗುವಿನಿಂದಲೇ ಅರ್ಧ ಸಂಕೋಚ ಕಳೆಯಿತು.

ಬಿಗಿಯುಡುಪು ಹಿರಿಯರ ಕಣ್ಣಿಗೆ ಒರಟಾಗಿ ಕಾಣುವುದು ನಿಜ. ಅದಕ್ಕೆ ಪರಿಹಾರ ಸುಲಭ. ಮೇಲೆ ಸಡಿಲವಾದ ಚಡ್ಡಿಯನ್ನೋ ಪ್ಯಾಂಟನ್ನೋ ತೊಟ್ಟರೆ ಮೆತ್ತೆಯ ಗುಣವೇನೂ ಕುಂದುವುದಿಲ್ಲ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಅಲ್ಲಿಗೆ ಹೋಗುವಾಗ ನಾವು ಚೀಲದಲ್ಲಿ ಪಂಚೆ ವಲ್ಲಿಗಳನ್ನು ಇಟ್ಟುಕೊಂಡು ಹೋಗಿ, ಸ್ನಾನಮಾಡಿ ಉಟ್ಟುಕೊಂಡೇ ದರ್ಶನಕ್ಕೆ ಹೊರಡುತ್ತೇವೆ. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವನ್ನು ನೋಡಲು ಬೈಸಿಕಲ್ಲಿನಲ್ಲಿ ಬರುವ ತರುಣರೂ ಹೀಗೆಯೇ ಮಾಡಿದರೆ ಯಾರಿಗೂ ಇರಸುಮುರಸಿಲ್ಲ. ಇದರಲ್ಲಿ ಆರೋಗ್ಯದ ಲಾಭವೂ ಉಂಟು. ಸವಾರಿ ಮುಗಿದೊಡನೆ ಬೆವರಿದ ಚಲ್ಲಣವನ್ನು ಕಳಚುವುದು ಮುಖ್ಯ. ಅದರಲ್ಲಿಯೇ ಕುಳಿತು ಹರಟುವವನು ಕುರುವನ್ನು ಆಹ್ವಾನಿಸುತ್ತಾನೆ.

ಚಲ್ಲಣವೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಪಲ್ಲಣವು ವಕ್ರವಾಗಿದ್ದರೆ ಚಲ್ಲಣವೇನು ಮಾಡೀತು? ಸೀಟು ಅತಿ ಎತ್ತರವಾದರೆ ತುಳಿಯುವಾಗ ಸೊಂಟ ಅತ್ತಿತ್ತ ತೂಗಾಡಿ ಉಜ್ಜುವಿಕೆ ಹೆಚ್ಚುತ್ತದೆ. ಮೂತಿ ಮೇಲಕ್ಕೆದ್ದರೆ ನಡುವಣ ಭಾಗಕ್ಕೆ ಒತ್ತುತ್ತದೆ. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರುವಷ್ಟು ಎತ್ತರವೂ, ಹೆಚ್ಚುಕಡಮೆ ಸಮತಲವಾದ ಸೀಟೂ ಸಾಮಾನ್ಯರಿಗೆ ಸರಿಹೋಗುತ್ತವೆ. ಯೋಗಶಾಸ್ತ್ರವನ್ನು ಬಲ್ಲವರು ಆಸನದಲ್ಲಿ ಅಲುಗಾಟವೂ ಆಯಾಸವೂ ಇರಕೂಡದೆನ್ನುತ್ತಾರೆ; ಬೈಸಿಕಲ್ಲಿನ ಆಸನಕ್ಕೂ ಬೇರೆ ಲಕ್ಷಣ ಬೇಕಾಗಿಲ್ಲ. ಇದರ ಮೇಲೆ, ಕಾಲು ಗಂಟೆಗೊಮ್ಮೆಯಾದರೂ ಪೆಡಲಿನ ಮೇಲೆ ನಿಂತು ಕೆಲವು ಕ್ಷಣ ಭಾರವನ್ನು ಇಳಿಸಬೇಕು. ಆಷಾಢದಲ್ಲಿ ಪಶ್ಚಿಮದ ಗಾಳಿ ಎದುರಾಗಿ ಬೀಸುವಾಗ ಬೇಲೂರಿನ ಕಡೆಗೆ ತುಳಿಯುವವನು ಬಗ್ಗಿಕೊಂಡು ಸೀಟಿಗೆ ಅಂಟಿಬಿಡುತ್ತಾನೆ. ಆಗಲೇ ಈ ನಿಯಮವನ್ನು ಮರೆಯಕೂಡದು.

ಒಗೆಯುವುದು ಪ್ರತಿ ಸವಾರಿಯ ಬಳಿಕವೂ ಆಗಬೇಕು. ಒಳಹೊರಗು ಮಾಡಿ, ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ತೊಳೆದು, ಹಿಂಡಿ ತಿರುಚದೆ ಮೆತ್ತಗೆ ಒತ್ತಿ ನೀರನ್ನು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಬಟ್ಟೆಗೆ ಮೃದುತ್ವವನ್ನೂ ಪರಿಮಳವನ್ನೂ ಕೊಡುವ ದ್ರವವನ್ನು ಬಳಸಕೂಡದು. ಅದು ನೂಲಿನ ಮೇಲೆ ಲೇಪವಾಗಿ ನಿಂತು ಬೆವರು ಹೊರಹೋಗುವುದನ್ನು ತಡೆಯುತ್ತದೆ. ಮಳೆಗಾಲದಲ್ಲಿ ಮೆತ್ತೆ ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲ. ಎರಡು ಚಲ್ಲಣಗಳಿರಲೆಂದು ಹೇಳಿದುದು ಈ ಕಾರಣದಿಂದ. ಉಜ್ಜುವ ಸ್ಥಳಕ್ಕೆ ಹಚ್ಚುವ ಲೇಪಗಳು ಅಂಗಡಿಗಳಲ್ಲಿ ಸಿಕ್ಕುತ್ತವೆ. ತೆಂಗಿನ ಸೀಮೆಯವರಾದ ನಮಗೆ ಮೊದಲು ನೆನಪಾಗುವುದು ಕೊಬ್ಬರಿಯೆಣ್ಣೆ. ಹಚ್ಚುವುದಾದರೆ ಚರ್ಮಕ್ಕೆ ಒಂದೆರಡು ತೊಟ್ಟು ಮಾತ್ರ. ಮೆತ್ತೆಗೆ ಇಳಿದ ಎಣ್ಣೆ ಸುಲಭವಾಗಿ ಬಿಡದು. ಮೆತ್ತೆ ಚಪ್ಪಟೆಯಾಗಿ, ಒತ್ತಿದರೆ ಮೇಲೇಳದಿದ್ದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯತಕ್ಕದ್ದು.

ಚರ್ಮ ಕೆಂಪಾದೊಡನೆ ಒಂದೆರಡು ದಿನ ಸವಾರಿಯನ್ನು ನಿಲ್ಲಿಸಿದರೆ ಬಹುಮಟ್ಟಿಗೆ ತಾನಾಗಿಯೇ ಮಾಯುತ್ತದೆ. ಗುಳ್ಳೆಯನ್ನು ಹಿಸುಕಬಾರದು. ಅದು ದೊಡ್ಡದಾದರೆ, ಜ್ವರ ಬಂದರೆ, ಅಥವಾ ಜೋಮು ಸವಾರಿ ಮುಗಿದಮೇಲೂ ಬಿಡದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಮಧುಮೇಹವುಳ್ಳವರು ಸಣ್ಣ ಗಾಯವನ್ನೂ ಅಲಕ್ಷಿಸಕೂಡದು.

ನಮ್ಮ ಹುಡುಗಿಯು ಮೂರು ವಾರಗಳ ತರುವಾಯ ಮತ್ತೆ ಬೈಸಿಕಲ್ಲನ್ನು ಏರಿದಳು. ಸೀಟಿನ ಗವಸನ್ನು ತೆಗೆಸಿ, ಸೀಟನ್ನು ಒಂದು ಬೆರಳಿನಷ್ಟು ತಗ್ಗಿಸಿ, ಒಳಚಲ್ಲಣಗಳೆರಡನ್ನು ಕೊಂಡುಕೊಟ್ಟೆವು. ಈಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಪುಸ್ತಕದ ಮುಂದೆ ಇರುತ್ತಾಳೆ, ಅದೂ ಕುಳಿತುಕೊಂಡು.

ಮನೆಯಲ್ಲಿ ಬೈಸಿಕಲ್ಲು ತುಳಿಯುವ ಮಕ್ಕಳಿದ್ದರೆ ಹಿರಿಯರು ತಿಂಗಳಿಗೊಮ್ಮೆಯಾದರೂ, “ಸೀಟು ಒತ್ತುತ್ತದೆಯೇ?” ಎಂದು ತಾವಾಗಿಯೇ ಕೇಳಬೇಕು, ಹೆಣ್ಣುಮಕ್ಕಳನ್ನು ಮನೆಯ ಹೆಂಗಸರು ಕೇಳಬೇಕು. ಮೆತ್ತೆಯ ಚಲ್ಲಣವನ್ನು ಬಾಗಿಲ ಹಿಂದೆ ಕತ್ತಲೆಯಲ್ಲಿ ಬಚ್ಚಿಟ್ಟು ಒಣಗಿಸಿದರೆ ಒದ್ದೆ ಉಳಿಯುತ್ತದೆ, ಒದ್ದೆಯಿಂದ ರೋಗ ಹುಟ್ಟುತ್ತದೆ. ಹಿತ್ತಲಿನ ನೆರಳಿನ ಹಗ್ಗದ ಮೇಲೆ, ಪಂಚೆ ಸೀರೆಗಳ ಪಕ್ಕದಲ್ಲಿ, ಅದಕ್ಕೂ ಒಂದು ಸ್ಥಳವಿರಲಿ.